ಕೋಳಿ ಒಪ್ಪಿದ ಗಿಡಗಳು

ಕುಮಟೆಯ ನರ್ಸರಿಯಲ್ಲಿ ಪಾಂಡುರಂಗ ಪಟಗಾರ
ಹೂವಿನ ಬಣ್ಣ ಹೇಳಿದ, ಗೊಬ್ಬರದ ಲೆಕ್ಕ ಹೇಳಿದ.
ನಾನು ಕೇಳಿದ್ದು ಒಂದೇ:
ಇದನ್ನು ಕೋಳಿ ತಿನ್ನುತ್ತದೋ?
ಪೈಪು ಹಿಡಿದವ ನೀರು ಮಡಿಚಿ ನಿಲ್ಲಿಸಿ ನಕ್ಕ.
"ಅಕ್ಕಾ, ಅದನ್ನ ಕೋಳೀನೇ ಕೇಳ್ಬೇಕು."

ಕೇಳಿದೆ.
ಮೂವತ್ತು ರೂಪಾಯಿಯ ಜೀನಿಯಾ: ಒಂದು ಬೆಳಗು.
ಹರಿವೆ: ಎರಡೆಲೆ ಬಿಡುವ ತನಕ.
ಗುಲಾಬಿಯನ್ನು ಮುಟ್ಟಲೇ ಇಲ್ಲ;
ಬುಡ ಕೆದರಿ ಕೆದರಿ ಬೇರನ್ನು ಬಿಸಿಲಿಗೆ ಹರವಿದವು
ಹಪ್ಪಳ ಒಣಗಿಸಿದ ಹಾಗೆ.
ಸೇವಂತಿಗೆ ನೆಟ್ಟ ಗುಂಡಿಯಲ್ಲಿ ಕೆಂಪು ಹೇಂಟೆ
ರೆಕ್ಕೆ ಬಿಚ್ಚಿ ಮಣ್ಣು ಮೀಯುತ್ತಿತ್ತು,
ಒಂದು ಕಣ್ಣು ಮುಚ್ಚಿ
ಇನ್ನೊಂದನ್ನು ನನ್ನ ಮೇಲಿಟ್ಟು.

ಗೂಡಿಗೆ ಹಾಕು, ಎಂದರು ಮನೆಯವರು.
ಅವರಿಗೇನು, ಮೊಟ್ಟೆ ತಿನ್ನುವವರು.
ಅಂಗಳ ಸುತ್ತಿದ ಕೋಳಿಯ ನಡಿಗೆಯನ್ನು
ಒಮ್ಮೆ ಹಿಂದಿನಿಂದ ನೋಡಿದವಳಿಗೆ
ಬಾಗಿಲು ಹಾಕಲು ಕೈ ಬರುವುದಿಲ್ಲ.

ಅದೂ ಅಲ್ಲದೆ ಸಾಣಿಕಟ್ಟೆಯಲ್ಲಿ ಪರೀಕ್ಷಕರು ಇಬ್ಬರು.
ಕೋಳಿ ಪಾಸು ಮಾಡಿದ್ದನ್ನು ಗಾಳಿ ತಿದ್ದುತ್ತದೆ.
ಮಾಘ ಕಳೆದರೆ ಆಗರದ ಕಡೆಯಿಂದ ಬೀಸಿ
ಎಲೆಯಂಚು ಸುಟ್ಟ ಕಾಗದ;
ನಾಲಿಗೆ ತಾಗಿಸಿದರೆ ಉಪ್ಪು.

ಆಗರಕ್ಕೆ ಹೋಗುವ ಹೊನ್ನಿ ಒಂದು ಸಂಜೆ
ಬುಟ್ಟಿ ತುಂಬ ಬಳಚಿನ ಚಿಪ್ಪು ತಂದು
ಬುಡದ ಸುತ್ತ ಸುರಿದಳು, ಅಂಚು ಮೇಲಾಗಿ.
"ಬರಿಗಾಲವ್ರಿಗೆ ಚಿಪ್ಪು ಗೊತ್ತು ತಂಗೀ."
ತನ್ನ ಹಿಮ್ಮಡಿ ತೋರಿಸಿದಳು, ಸಾಕ್ಷಿಗೆ.
ತಮ್ಮನ ದೋಣಿಯ ಹರಕು ಬಲೆಯೂ ಬಂತು ಮರುದಿನ,
ಮೀನಿನ ವಾಸನೆ ಸಮೇತ.

ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ:
ನಿತ್ಯಪುಷ್ಪ ಉಳಿಯಿತು. ಕಹಿ.
ಒಂದು ಸಲ ಕುಕ್ಕಿ ಕೊಕ್ಕನ್ನು ಕಲ್ಲಿಗೆ ಉಜ್ಜಿಕೊಂಡವು.
ಮಜ್ಜಿಗೆಹುಲ್ಲು, ಅರಿಶಿನ: ಉಳಿದವು.
ಕರಿಬೇವು: ಮೊಣಕಾಲೆತ್ತರದವರೆಗೆ ಬುಟ್ಟಿ ಮುಚ್ಚಿ,
ಆಮೇಲೆ ಅದರ ಹಣೆಬರಹ.
ಬಸಳೆ: ಕೆಳಗೆ ಬೋಳು ಕಾಂಡ, ಚಪ್ಪರದ ಮೇಲೆ ಸಂಸಾರ.
ದಾಸಾಳ: ಹಾರಿ ಹಾರಿ ಹೂ ಕೀಳುತ್ತವೆ;
ಕೊಕ್ಕಿಗೆ ಎಟುಕಿದ್ದು ಅವಕ್ಕೆ, ಎಟುಕದ್ದು ದೇವರಿಗೆ.
ಅಬ್ಬಲಿಗೆಯ ಮುಂದೆ ಒಂದು ಪ್ರಶ್ನೆಚಿಹ್ನೆ.

ಗುರುವಾರ ಮಧ್ಯಾಹ್ನ, ಪಾತ್ರೆ ತೊಳೆಯುವ ಹೊತ್ತು,
ಮೊದಲು ನೆರಳು ಬಂತು.
ಹೇಂಟೆ ಒಂದೇ ಕೂಗು ಕೂಗಿತು, ದಿನದ ಕೂಗಲ್ಲ.
ಹನ್ನೊಂದು ಮರಿ ದಿಕ್ಕಾಪಾಲು.
ಬಲೆ ಕಟ್ಟಿ, ಚಿಪ್ಪು ಸುರಿದು
ನಾನು ಮೂರು ತಿಂಗಳು ಕಾದ ತೋಟದಲ್ಲಿ
ಅವಕ್ಕೆ ಕಾಲಿಡಲು ಜಾಗವಿರಲಿಲ್ಲ.

ಓಡಿದ್ದು ಬೇಲಿಯ ಮೂಲೆಯ ಕೇದಗೆಗೆ.
ಯಾರೂ ನೆಡದ್ದು,
ಹಾವು ಬರುತ್ತದೆಂದು ಮನೆಯವರು
ಎರಡು ಸಲ ಕತ್ತಿ ಮಸೆದದ್ದು.
ಮುಳ್ಳಿನ ಬುಡದಲ್ಲಿ, ಕತ್ತಲಲ್ಲಿ, ಒಂದೂ ಚಿಂವ್ ಎನ್ನದೆ.
ಹದ್ದು ಮೇಲೆ ಎರಡು ಸುತ್ತು ಹೊಡೆದು
ತಾರಿಬಾಗಿಲ ಕಡೆ ತಿರುಗಿತು,
ಕಾಲಲ್ಲಿ ಏನೋ ಇತ್ತು, ಇರಲಿಲ್ಲ.
ಹೊರಬಂದ ಮೇಲೆ ಎಣಿಸಿದೆ. ಹತ್ತು.
ಅಕ್ಕಿನುಚ್ಚು ಎರಚಿ ಮತ್ತೆ ಎಣಿಸಿದೆ. ಹತ್ತು.

ಈ ಸಲ ಪಾಂಡುರಂಗನಿಗೆ ಹೇಳಿದೆ:
ಮುಳ್ಳಿರಬೇಕು. ಕೊಂಬೆ ನೆಲಕ್ಕೆ ಬಗ್ಗಿರಬೇಕು.
ಬುಡದಲ್ಲಿ ಒಂದು ಹೇಂಟೆ
ಮಕ್ಕಳನ್ನು ಕಟ್ಟಿಕೊಂಡು ನುಗ್ಗುವಷ್ಟು ಜಾಗ ಬೇಕು.
ಅವ ನಗಲಿಲ್ಲ. ಪೈಪನ್ನು ಕೆಳಗಿಟ್ಟ.
"ಹೂವು?"
ಬಿಟ್ಟರೆ ಬಿಡಲಿ.

ಅಬ್ಬಲಿಗೆಗೆ ಇವತ್ತು ತೆನೆ ಬಂದಿದೆ,
ತುದಿಯಲ್ಲಿ ಇಷ್ಟೇ ಇಷ್ಟು ಕಿತ್ತಳೆ.
ಕೆಂಪು ಹೇಂಟೆ ಚಿಪ್ಪಿನ ಗೆರೆಯಾಚೆ ನಿಂತು
ಕತ್ತು ವಾರೆ ಮಾಡಿ ಅದನ್ನೇ ಓದುತ್ತಿದೆ.
ಬಟ್ಟೆ ಹಿಂಡುತ್ತ ನಾನೂ ನಿಂತಿದ್ದೇನೆ,
ಹುಶ್ ಎನ್ನಲೋ ಬೇಡವೋ.